ಮಾತಾಡುವ ಗೋಡೆಗೆ ಕೊಟ್ಟ ಬಾಗಿಲು

ಆ ಗೋಡೆಯೊಳಗಿನ ಜೇನಿಗೆ ನಾನು ಕೊಟ್ಟ ಬೆಲೆ ಒಂದು ಸಾಗವಾನಿ ಬಾಗಿಲು. ಚೌಕಟ್ಟು, ಹೊಸ್ತಿಲು, ಹಿತ್ತಾಳೆಯ ಚಿಲಕ ಎಲ್ಲ ಸೇರಿ. ರಾಯಚೂರಿನ ನನ್ನ ಕಟ್ಟಿಗೆ ಅಡ್ಡೆಗೆ ಬಂದವರು ಮೊದಲು ಕೈಯಾಡಿಸುತ್ತಿದ್ದದ್ದು ಅದರ ಮೇಲೆಯೇ. ಡಾಕ್ಟರೊಬ್ಬರು ತಮ್ಮ ಹೊಸ ಮನೆಗೆಂದು ಬಂದು ನೋಡಿಹೋಗಿ, ಮರುವಾರ ಹೆಂಡತಿಯನ್ನೂ ಕರೆತಂದಿದ್ದರು. ಹೆಂಡತಿ ಬಂದಳೆಂದರೆ ವ್ಯಾಪಾರ ಕುದುರಿದಂತೆಯೇ ಲೆಕ್ಕ. ಅಂಥ ಬಾಗಿಲನ್ನು ಟಂಟಂ ಗಾಡಿಗೆ ಏರಿಸಿ ದೇವದುರ್ಗಕ್ಕೆ ಕಳಿಸಿದಾಗ, ನನ್ನ ಕೆಲಸದವರು ಈಕೆಗೆ ಬಿಸಿಲು ತಲೆಗೇರಿದೆ ಎಂದೇ ತಿಳಿದರು.

ಬಿಸಿಲು ತಲೆಗೇರಿರಲಿಲ್ಲ. ಬಿಸಿಲೇ ಕಾರಣ ಎನ್ನುವುದು ಮಾತ್ರ ನಿಜ.

ನನ್ನ ಕಸುಬು ಹಳೆಯ ಮನೆಗಳದು. ಎಲ್ಲಿ ಮಣ್ಣಿನ ಸೂರಿನ ಮಾಳಿಗೆ ಮನೆ ಕೆಡವುತ್ತಾರೋ ಅಲ್ಲಿಗೆ ಹೋಗಿ ತೊಲೆ, ಕಂಬ, ಜಂತಿ, ಕಿಟಕಿ ಕೊಳ್ಳುತ್ತೇನೆ. ಒಂದು ಕಾಲಕ್ಕೆ ತಲೆಯ ಮೇಲೆ ಸೌದೆ ಹೊತ್ತು ಓಣಿ ಓಣಿ ಮಾರಿದವಳು. ಕಟ್ಟಿಗೆಯನ್ನು ಉರಿಸುವುದಕ್ಕಿಂತ ಉಳಿಸಿ ಮಾರಿದರೆ ಹೆಚ್ಚು ಗಿಟ್ಟುತ್ತದೆ ಎಂದು ಹೊತ್ತು ಹೊತ್ತೇ ಕಲಿತೆ. ಜೇನು ನನಗೆ ಸಿಕ್ಕಿದ್ದು ಆ ಕಸುಬಿನೊಳಗಿಂದಲೇ. ಯಾಪಲದಿನ್ನಿಯಿಂದ ತಂದ ಬೇವಿನ ತೊಲೆಯೊಂದನ್ನು ಗರಗಸಕ್ಕೆ ಕೊಟ್ಟಿದ್ದೆ. ಅರ್ಧ ಕೊಯ್ಯುವಷ್ಟರಲ್ಲಿ ಸೀಳಿನಿಂದ ಕಪ್ಪನೆಯದೇನೋ ಒಸರಿತು. ಗರಗಸದವನು ಮಿಷನ್ ಆರಿಸಿ ಹಿಂದೆ ಸರಿದ.

"ಅಕ್ಕಾ, ಕಟಗಿ ರಕ್ತ ಕಾರಾಕತ್ತದ!"

ರಕ್ತವಲ್ಲ, ನಸರಿ ಜೇನು. ಸೊಳ್ಳೆಗಿಂತ ತುಸು ದೊಡ್ಡದು, ಕಪ್ಪು, ಚುಚ್ಚುವ ಮುಳ್ಳಿಲ್ಲದ ಹುಳ. ತೆಂಕಲ ಕಡೆಯವರು ಇದನ್ನೇ ಮುಜಂಟಿ ಎನ್ನುತ್ತಾರೆ. ಗೋಡೆಯ ಬಿರುಕು, ಟೊಳ್ಳು ತೊಲೆ, ಕರೆಂಟಿನ ಮೀಟರ್ ಡಬ್ಬಿ, ಎಲ್ಲಿ ಕತ್ತಲು ಸಿಕ್ಕರೂ ಸೈ. ಬಾಯಿಗೆ ಮೇಣದ ಸಣ್ಣ ಕೊಳವೆ ಕಟ್ಟಿ ಒಳಗೆ ಸೇರಿಕೊಳ್ಳುತ್ತದೆ. ಜೇನುತುಪ್ಪವನ್ನು ಬೇರೆ ಜೇನಿನಂತೆ ಹುಟ್ಟಿನಲ್ಲಿ ಇಡುವುದಿಲ್ಲ, ಮೇಣದ ಪುಟ್ಟ ಗಡಿಗೆಗಳಲ್ಲಿ ತುಂಬಿಡುತ್ತದೆ. ಕಡಿಮೆ ತುಪ್ಪ, ಹುಳಿ ರುಚಿ; ಕೆಮ್ಮಿಗೆ ಎಂದು ಜನ ಕೇಳಿದ ಬೆಲೆ ಕೊಟ್ಟು ಒಯ್ಯುತ್ತಾರೆ. ನಮ್ಮ ಕಡೆಯ ಪದ್ಧತಿ ಏನೆಂದರೆ, ಗೋಡೆ ಒಡೆ, ತುಪ್ಪ ಹಿಂಡು, ಮರಿಯಿದ್ದ ಗೂಡನ್ನು ಕೋಳಿಗೆ ಎಸೆ. ಒಂದು ದಿನದ ಬಾಯಿ ಚಪಲ, ಹತ್ತು ವರ್ಷದ ಗೂಡು ಹಾಳು.

ನಾನು ಹಾಗೆ ಮಾಡುವ ಪೈಕಿ ಅಲ್ಲ. ಸಾಕಿ ಮಾರೋಣ ಎಂದು ಮಳೆ ಹೆಚ್ಚು ಬೀಳುವ ಸೀಮೆಯಿಂದ ಪೆಟ್ಟಿಗೆ ಸಮೇತ ಜೇನು ತರಿಸಿದೆ. ಚೈತ್ರ ಕಳೆಯುವುದರೊಳಗೆ ಎಲ್ಲವೂ ಸತ್ತವು. ತೆಳು ಹಲಗೆಯ ಪೆಟ್ಟಿಗೆ; ನಮ್ಮ ಬಿಸಿಲಿಗೆ ಒಳಗಿನ ಗಡಿಗೆಗಳು ಕರಗಿ, ತುಪ್ಪದಲ್ಲಿ ಹುಳಗಳೇ ಮುಳುಗಿದ್ದವು. ಉಳಿದದ್ದನ್ನು ಇರುವೆ ಮುಗಿಸಿತು. ಆಗ ನನಗೆ ಬುದ್ಧಿ ಬಂತು: ಈ ಸೀಮೆಯ ಬೇಸಿಗೆಯನ್ನು ತಿಂದು ಅರಗಿಸಿಕೊಂಡ ಇಲ್ಲಿಯ ಹುಳವೇ ಬೇಕು, ದಪ್ಪ ಗೋಡೆಯಲ್ಲಿ ಬಾಳಿದ್ದು ಬೇಕು, ಅದಕ್ಕೆ ಗೋಡೆಯಷ್ಟೇ ದಪ್ಪದ ಪೆಟ್ಟಿಗೆ ಬೇಕು. ದಪ್ಪ ಹಲಗೆಗೆ ನನ್ನ ಅಡ್ಡೆಯಲ್ಲಿ ಬರವಿಲ್ಲ. ಹುಳ ಒಂದೇ ಬಾಕಿ.

ಹಾಗಿರುವಾಗ ದಸರೆಯ ಹೊತ್ತಿಗೆ ದೇವದುರ್ಗದಿಂದ ಫೋನು ಬಂತು. ಕುರಿಯನ್ನೂ ಹೊಲವನ್ನೂ ನಂಬಿದ ಮನೆತನ. ಯಜಮಾನ ನಲವತ್ತರ ಆಸುಪಾಸಿನವ. ಮಾಳಿಗೆ ಮನೆ ಕೆಡವಿ ಸ್ಲ್ಯಾಬಿನ ಮನೆ ಕಟ್ಟಿಸುವವನಿದ್ದ, ತೊಲೆ ನೋಡಿ ಹೋಗಿ ಎಂದ.

ನಾನು ತಲುಪಿದ್ದು ಮಟಮಟ ಮಧ್ಯಾಹ್ನ. ಓಣಿಯಲ್ಲಿ ನಾಯಿಯೂ ಓಡಾಡುತ್ತಿರಲಿಲ್ಲ. ನಮ್ಮ ಕಡೆ ನಡುರಾತ್ರಿಗಿಂತ ನಡುಹಗಲಿಗೇ ಹೆಚ್ಚು ಹೆದರುತ್ತಾರೆ. ಆ ಹೊತ್ತಿನಲ್ಲಿ ಕೂಗಿದರೆ ತಕ್ಷಣ ಓಗೊಡಬಾರದು ಎನ್ನುತ್ತಾರೆ. ಬಾಗಿಲು ತೆರೆದಿತ್ತು. ಹೊರಗಿನ ಬೆಳಕಿನಿಂದ ಒಳಗೆ ಕಾಲಿಟ್ಟವಳಿಗೆ ಮೊದಲು ಏನೂ ಕಾಣಲಿಲ್ಲ. ದನಿಯಷ್ಟೇ ಕೇಳಿಸಿತು.

"ಕರಿ ಆಡು ನಿನ್ನೆ ಈದದ. ಎಲ್ಡೂ ಹೆಣ್ಣು... ಹ್ಞೂಂ... ಇಲ್ಲೋ, ಕೆಂಪಂದಲ್ಲ, ಕರೀದು... ಹ್ಞೂಂ, ಹ್ಞೂಂ. ಮೊನ್ನಿ ಸಂತ್ಯಾಗ ಕೇಳಿದ್ರು, ನಾವು ಕೊಡಲಿಲ್ಲ."

ಕಣ್ಣು ಹೊಂದಿಕೊಂಡ ಮೇಲೆ ಕಂಡದ್ದು: ಪಡಸಾಲೆಯ ಮೂಲೆಯಲ್ಲಿ ಮುದುಕಿಯೊಬ್ಬಳು ಗೋಡೆಗೆ ಮುಖ ಮಾಡಿ ಕುಳಿತಿದ್ದಳು. ಹೇಳುತ್ತಿದ್ದಳು, ನಿಲ್ಲುತ್ತಿದ್ದಳು, ಕೇಳಿಸಿಕೊಂಡು ಮತ್ತೆ ಉತ್ತರ ಕೊಡುತ್ತಿದ್ದಳು. ಫೋನಿನಲ್ಲಿ ಮಾತಾಡುತ್ತಿದ್ದಾಳೆ ಎಂದುಕೊಂಡೆ. ಕೈ ನೋಡಿದೆ. ಎರಡೂ ಕೈ ಮಡಿಲಲ್ಲಿದ್ದವು. ಕಿವಿ ಗೋಡೆಗೆ ಅಂಟಿತ್ತು.

"ಸ್ವಲ್ಪ ತಡಿಯವ್ವಾ ತಂಗಿ," ಎಂದಳು ತಿರುಗದೆಯೇ. "ಮಾತು ಮುಗೀಲಿ."

ಒಳಗಿನಿಂದ ಸೊಸೆ ನೀರು ತಂದಳು. ನಾನು ಕಣ್ಣಲ್ಲೇ ಕೇಳಿದೆ, ಯಾರ ಜೊತೆ?

"ನಮ್ಮ ಭಾವಾರ್ರೀ," ಎಂದಳು ಸೊಸೆ. "ಗ್ವಾಡ್ಯಾಗ ಅದಾರ."

ಹೊಲದಲ್ಲಿದ್ದಾರೆ ಎನ್ನುವಷ್ಟು ಸಲೀಸಾಗಿ ಹೇಳಿ ಚೊಂಬು ಇಟ್ಟು ಹೋದಳು.

ಯಜಮಾನ ಬಂದ ಮೇಲೆ ವಿಷಯ ತಿಳಿಯಿತು. ಅವನ ಅಣ್ಣ ಕುರಿ ಬಿಟ್ಟುಕೊಂಡು ತೆಲಂಗಾಣದ ಕಡೆ ಹೋಗಿದ್ದಾಗ ಜ್ವರ ಬಂದು ಅಲ್ಲೇ ತೀರಿಕೊಂಡಿದ್ದ, ಅಲ್ಲೇ ಮಣ್ಣಾಗಿದ್ದ. ಕುರಿಯ ಹಿಂದೆ ಹೋದವನು ದೂರದಲ್ಲಿ ಸತ್ತರೆ ಹೂಳಿದ ಜಾಗದ ಒಂದು ಹಿಡಿ ಮಣ್ಣು ತಂದು, ಮನೆಯಲ್ಲಿ ಅವನು ಮಲಗುತ್ತಿದ್ದ ಕಡೆಯ ಗೋಡೆಗೆ ಸೇರಿಸಿ ಮೆತ್ತುವುದು ಅವರ ಮನೆತನದ ನಡೆ. ಮಳೆಗಾಲಕ್ಕೂ ಚಳಿಗಾಲಕ್ಕೂ ಮನೆಗೆ ಬರದವನು ಹಾಗಾದರೂ ಮನೆಯಲ್ಲಿ ಮಲಗಲಿ ಎಂದು. ತಮ್ಮನೇ ಮಣ್ಣು ತಂದು, ತಮ್ಮನೇ ಗೋಡೆ ಕೊರೆದು ಮೆತ್ತಿದ್ದ. ಮರುವರ್ಷ ಆ ಮೆತ್ತಿದ ಜಾಗದಲ್ಲೇ ಸಣ್ಣ ತೂತು ಬಿದ್ದು ನಸರಿ ಬಂದು ಸೇರಿಕೊಂಡಿತು. ಗೋಡೆ ಗುಂಯ್ ಎನ್ನತೊಡಗಿತು. ತಾಯಿ ಅಂದಿನಿಂದ ದಿನವೂ ಮಧ್ಯಾಹ್ನ ಅಲ್ಲಿ ಕೂರುತ್ತಾಳೆ.

ನಾನು ತೊಲೆ ನೋಡಲು ಬಂದವಳು ಗೋಡೆ ನೋಡಿದೆ. ತೂತಿನ ಬಾಯಲ್ಲಿ ಮೇಣದ ಕೊಳವೆ ಬೆರಳುದ್ದ ಬೆಳೆದಿತ್ತು, ಕಾವಲು ಹುಳಗಳು ಸಾಲಾಗಿ ತಲೆ ಹಾಕಿದ್ದವು. ಗಟ್ಟಿ ಕುಟುಂಬ. ಎಷ್ಟು ಬೇಸಿಗೆ ದಾಟಿದೆಯೋ! ಕಿವಿ ಇಟ್ಟೆ. ನಸರಿಯ ದನಿ ನನಗೆ ಗೊತ್ತು, ಒಣ ಎಲೆಯ ಮೇಲೆ ಗಾಳಿ ಆಡಿದ ಹಾಗೆ. ಇಲ್ಲಿ ಅದರ ಕೆಳಗೆ ಇನ್ನೊಂದು ದನಿಯಿತ್ತು. ಯಾರೋ ದೂರದಲ್ಲಿ ಗಂಟೆ ಬಾರಿಸಿ ನಿಲ್ಲಿಸಿದ ಮೇಲೆ ಗಾಳಿಯಲ್ಲಿ ಉಳಿಯುತ್ತದಲ್ಲ, ಅಂಥದು. ನಿಲ್ಲದೆ ಉಳಿದೇ ಇತ್ತು. ನಾನು ಕಿವಿ ತೆಗೆದೆ.

"ಕೇಳಿಸ್ತೇನು?" ಎಂದಳು ಮುದುಕಿ.

"ಹುಳ ಭಾಳ ಅದಾವಬೇ ಯವ್ವಾ," ಎಂದೆ.

ಯಜಮಾನನನ್ನು ಅಂಗಳಕ್ಕೆ ಕರೆದೆ. "ಗ್ವಾಡಿ ಕೆಡವೋ ಮುಂದ ಹುಳಕ್ಕ ಏನ್ ಮಾಡ್ತಿ ತಮ್ಮಾ?"

"ಏನ್ ಮಾಡೋದ್ರೀ ಅಕ್ಕಾರ. ಮುಂದಿನ ಮಳಿಗಾಲಕ್ಕ ಮೊದ್ಲ ಸ್ಲ್ಯಾಬ್ ಬೀಳಬೇಕಂತ ನಾ ಕುಂತೀನಿ. ಗ್ವಾಡಿ ಮುಟ್ಟಿದ್ರ ಮೊದ್ಲ ನನ್ನ ಮ್ಯಾಲ ಹಾರಿ ಹಾಕು ಅಂತಾಳ ಯವ್ವ."

ಮುದುಕಿ ಒಳಗಿನಿಂದಲೇ ಕೇಳಿಸಿಕೊಂಡಳು. "ಹೌದು, ಅಂತೀನಿ. ಗ್ವಾಡಿ ಬಿದ್ರ ಅವ ಎಲ್ಲಿ ಹೋಗ್ಬೇಕು? ಒಮ್ಮಿ ಮನಿ ಬಿಟ್ಟು ಹೋಗಿ ಹಂಗಾದ. ಇನ್ನೊಮ್ಮಿ ನಾ ಹೊರಗ ಹಾಕೂದಿಲ್ಲ."

ವ್ಯಾಪಾರದಲ್ಲಿ ಒಂದು ಕಟ್ಟಳೆಯಿದೆ, ಎದುರಿನವರ ಮಾತನ್ನೇ ಅವರಿಗೆ ತಿರುಗಿಸಿ ಕೊಡಬೇಕು. ನಾನು ಒಳಗೆ ಹೋಗಿ ಅವಳ ಪಕ್ಕ ಕೂತೆ. "ಯಾರೂ ಹೊರಗ ಹಾಕೂದಿಲ್ಲಬೇ. ಆ ತೂತಿಗೆ ಒಂದು ಪೈಪು ಹಚ್ಚತೀನಿ, ಪೈಪಿನ ತುದಿಗೆ ದಪ್ಪನ್ನ ಕಟಗೀ ಪೆಟಿಗಿ ಇಡ್ತೀನಿ. ಅವ ತಾನ ನಡಕೋತ ಪೆಟಿಗ್ಯಾಗ ಬರ್ತಾನ. ಗ್ವಾಡಿ ತಾನ ಸುಮ್ಮನಾಕ್ಕದ. ಆಮ್ಯಾಲೆ ಕೆಡವಲಿ. ಪೆಟಿಗಿ ತುಂಬಿದ ಮ್ಯಾಲೆ ಎಲ್ಡು ಪಾಲು ಮಾಡೂಣು. ಒಂದು ಹೊಸಾ ಮನ್ಯಾಗ ನಿಂದು, ಒಂದು ನಂದು."

"ತಾನ ಬರ್ತಾನೇನು?"

"ತಾನ ಬರ್ತಾನ."

"ಹಂಗಾದ್ರ ಹಚ್ಚು," ಎಂದಳು ಅವಳು. ಯಜಮಾನನಿಗೆ ಹೊಸ ಮನೆಗೆ ಒಳ್ಳೆಯ ತಲೆಬಾಗಿಲು ಬೇಕಿತ್ತು. ನನ್ನ ಪಾಲಿನ ಜೇನಿಗೆ ಬಾಗಿಲು ಎಂದು ಮಾತಾಯಿತು. ಬಾಗಿಲು ಬಂದು ಅಂಗಳದಲ್ಲಿ ಚೌಕಟ್ಟು ಸಮೇತ ಬೇವಿನ ಮರಕ್ಕೆ ಒರಗಿ ನಿಂತಿತು. ಸುತ್ತ ಗೋಡೆಯಿಲ್ಲ, ಮೇಲೆ ಸೂರಿಲ್ಲ. ಆಡುಗಳು ಸುತ್ತ ಬಯಲಿದ್ದರೂ ಅದರೊಳಗಿಂದಲೇ ಹಾದು ಹೋಗುತ್ತಿದ್ದವು.

ದೀಪಾವಳಿ ಕಳೆದ ಮೇಲೆ ಪೈಪು ಜೋಡಿಸಿದೆ. ತೂತಿನ ಸುತ್ತ ಜೇಡಿಮಣ್ಣು ಮೆತ್ತಿ ಬೇರೆ ದಾರಿಯೆಲ್ಲ ಮುಚ್ಚಿದೆ. ಪೆಟ್ಟಿಗೆಯ ಒಳಮೈಗೆ ಹಳೆಯ ಗೂಡಿನ ಮೇಣ ಉಜ್ಜಿ, ಹೊರಗೆ ಬೇರೆ ಬಾಯಿ ಇಟ್ಟೆ. ಈಗ ಹುಳ ಹೊರಗೆ ಹೋಗಬೇಕಾದರೂ ಒಳಗೆ ಬರಬೇಕಾದರೂ ಪೆಟ್ಟಿಗೆಯ ಮೂಲಕವೇ. ಪಾರದರ್ಶಕ ಪೈಪು. ಒಳಗೆ ಕಪ್ಪು ಹುಳಗಳು ಒಂದರ ಹಿಂದೊಂದು. ಮುದುಕಿ ಅದನ್ನು ಎರಡು ಬೆರಳಲ್ಲಿ ಮುಟ್ಟಿ ನೋಡಿದಳು.

"ಸಲೈನ್ ಹಚ್ಚಿದಂಗ ಅದಲ್ಲ," ಎಂದಳು. "ಅಲ್ಲಿ ಯಾರೂ ಹಚ್ಚಿದ್ದಿಲ್ಲ ಅವಗ."

ಸೊಸೆ ನಗಿಸಲು ನೋಡಿದಳು. "ಈಗರ ಹಚ್ಚ್ಯಾರಲ್ಲ ಅತ್ತಿ, ಚಲೋ ಆಕ್ಕಾರ ಬಿಡ್ರಿ."

ಮುದುಕಿ ಪೈಪಿನಿಂದ ಬೆರಳು ತೆಗೆಯಲಿಲ್ಲ.

ಶಿವರಾತ್ರಿಯ ಹೊತ್ತಿಗೆ ಪೆಟ್ಟಿಗೆ ಭಾರವಾಗಿತ್ತು. ಮುಚ್ಚಳ ಎತ್ತಿ ನೋಡಿದೆ: ಗಡಿಗೆಗಳ ಗೊಂಚಲು, ನಡುವೆ ಸಾಸಿವೆಯಂಥ ಮರಿಗೂಡು, ಅದರ ಮೇಲೆ ಹೊಟ್ಟೆ ಉಬ್ಬಿದ ರಾಣಿ. ನನಗಾದ ಹಿಗ್ಗು ಅಷ್ಟಿಷ್ಟಲ್ಲ. "ಬಂದಾನ ನೋಡಬೇ ಯವ್ವಾ, ಪೂರಾ ಬಂದಾನ!"

ಮುದುಕಿ ಪೆಟ್ಟಿಗೆಗೆ ಕಿವಿ ಇಟ್ಟಳು. ಆಮೇಲೆ ಗೋಡೆಗೆ ಇಟ್ಟಳು. ಮತ್ತೆ ಪೆಟ್ಟಿಗೆಗೆ.

"ಇದನ್ನ ನೀ ಒಯ್ಯಿ ತಂಗಿ," ಎಂದಳು. "ಇದರಾಗ ಯಾರೂ ಇಲ್ಲ."

"ಗಿಜಿಗಿಜಿ ಅಂತಾವಲ್ಲಬೇ!"

"ಹುಳ ಅದಾವ. ಅವ ಇಲ್ಲ."

ಮಧ್ಯಾಹ್ನದ ಬಿಸಿಲಲ್ಲಿ ನನ್ನ ತೋಳಿನ ಕೂದಲು ನಿಂತವು. ಆದರೆ ಬಿಟ್ಟು ಕೊಟ್ಟ ಪಾಲನ್ನು ಬೇಡ ಎನ್ನುವ ಪೈಕಿಯೂ ನಾನಲ್ಲ. ಸಂಜೆ ಹುಳಗಳೆಲ್ಲ ಒಳಸೇರಿದ ಮೇಲೆ ಪೈಪು ಕತ್ತರಿಸಿ ಪೆಟ್ಟಿಗೆಯ ಬಾಯಿ ಮುಚ್ಚಿದೆ, ಗೋಡೆಯ ತೂತನ್ನು ಹಾಗೇ ಬಿಟ್ಟೆ. ಒಳಗೆ ಉಳಿದ ನಾಲ್ಕು ಹುಳ ಕೆಲವು ದಿನಕ್ಕೆ ಸತ್ತುಹೋಗುತ್ತವೆ, ಗೋಡೆ ಸುಮ್ಮನಾಗುತ್ತದೆ ಎಂದು ಯಜಮಾನನಿಗೆ ಹೇಳಿ ಬಂದೆ.

ಪೆಟ್ಟಿಗೆ ಮಾನ್ವಿ ಕಡೆ, ಪೋತ್ನಾಳದ ಒಬ್ಬ ರೈತನ ನುಗ್ಗೆ ತೋಟಕ್ಕೆ ಹೋಯಿತು. ಸುತ್ತ ಭತ್ತ, ನಡುವೆ ಅವನೊಬ್ಬ ನುಗ್ಗೆ, ಸೌತೆ ಎಂದು ಹಟ ಹಿಡಿದವ. ಹೂ ಬಿಡುತ್ತದೆ, ಕಾಯಿ ಕಚ್ಚುವುದಿಲ್ಲ ಎಂದು ಅವನ ಗೋಳು. ನಸರಿ ಹೂವಿನೊಳಗೆ ನುಗ್ಗಿ ಹೊರಳಾಡುವ ಜಾತಿ. ಇಟ್ಟು ನೋಡೋಣ ಎಂದಿದ್ದೆ. ತೋಟದ ಗುಡಿಸಲಿನ ಸೂರಿನ ಕೆಳಗೆ, ಮೂಡಣಕ್ಕೆ ಮುಖ ಮಾಡಿ ತೂಗುಹಾಕಿದೆವು.

"ಇಷ್ಟ ಸಣ್ಣ ಹುಳ ನನ್ನ ಸಂಸಾರ ಎತ್ತತಾವಂತೇನ್ರಿ ಅಕ್ಕಾರ?" ಎಂದು ಅವನು ನಗೆಯಾಡಿದ.

"ನೀ ಔಷಧ ಹೊಡಿಯೂದು ನಿಲ್ಲಿಸಿದ್ರ ಎತ್ತತಾವ. ಇಲ್ಲಾಂದ್ರ ಅವುನ್ನ ನೀ ಎತ್ತಬೇಕು, ಕಸಬರಿಗೀಲೆ."

ಅವನ ನಗು ಇನ್ನೂ ನಿಂತಿರಲಿಲ್ಲ, ಫೋನು ಬಂತು. ದೇವದುರ್ಗದ ಯಜಮಾನ.

"ಅಕ್ಕಾರ, ಯುಗಾದಿ ಹತ್ರ ಬಂತು, ಗೌಂಡಿ ಬಂದು ಕುಂತಾನ. ಯವ್ವ ಮುಂಜಾನಿಂದ ಗ್ವಾಡಿಗೆ ಬೆನ್ನು ಹಚ್ಚಿ ಕುಂತಾಳ, ಏಳವಲ್ಲಳು. ಗ್ವಾಡಿ ಇನ್ನಾ ಮಾತಾಡಾಕತ್ತದ."

"ಏನು ಮಾತಾಡ್ತದೋ ಮಾರಾಯಾ, ಖಾಲಿ ಗ್ವಾಡಿ!"

"ನೀವ ಕೇಳ್ರಿ," ಎಂದು ಫೋನನ್ನು ಗೋಡೆಗೆ ಹಿಡಿದ.

ಕೇಳಿದೆ. ನುಗ್ಗೆ ತೋಟದಲ್ಲಿ, ಆ ಪೆಟ್ಟಿಗೆಯ ಪಕ್ಕದಲ್ಲೇ ನಿಂತು ಕೇಳಿದೆ. ಒಣ ಎಲೆಯ ಸದ್ದು, ಅದರ ಕೆಳಗೆ ಬಾರಿಸಿ ಬಿಟ್ಟ ಗಂಟೆಯ ಉಳಿಕೆ. ಒಂಚೂರೂ ಕಡಿಮೆಯಾಗಿರಲಿಲ್ಲ.

ಮರುದಿನ ಹೋದೆ. ದಾರಿಯುದ್ದಕ್ಕೂ ಲೆಕ್ಕ ಹಾಕಿದೆ, ಆಗ ತಿಳಿಯಿತು. ಪೈಪು ಹಚ್ಚಿದರೆ ಹಳೆಯ ರಾಣಿ ತನ್ನ ಜಾಗ ಬಿಟ್ಟು ಕದಲುವುದಿಲ್ಲ. ಹುಳಗಳು ಪೆಟ್ಟಿಗೆಯಲ್ಲಿ ಹೊಸ ಸಂಸಾರ ಹೂಡುತ್ತವೆ, ಹೊಸ ರಾಣಿ ಮಾಡಿಕೊಳ್ಳುತ್ತವೆ. ಅದು ಮಗಳ ಮನೆ. ತವರು ಗೋಡೆಯಲ್ಲೇ ಇರುತ್ತದೆ. ನಾನು ಪೈಪಿನ ಉಪಾಯ ಕಲಿತ ಮೊಬೈಲಿನ ವಿಡಿಯೋದಲ್ಲಿ ಪೆಟ್ಟಿಗೆ ತುಂಬುವುದನ್ನು ತೋರಿಸಿದ್ದರು. ಗೋಡೆ ಖಾಲಿಯಾಗುವುದನ್ನು ಯಾರೂ ತೋರಿಸಿರಲಿಲ್ಲ, ನಾನೇ ಸೇರಿಸಿಕೊಂಡಿದ್ದೆ. ಮುದುಕಿ ಹೇಳಿದ್ದು ಸರಿಯಾಗಿಯೇ ಇತ್ತು. ಅದರಲ್ಲಿ ಹುಳ ಇದ್ದವು, ಗೋಡೆಯದು ಗೋಡೆಯಲ್ಲೇ ಇತ್ತು.

ಹೇಗೆ ಮಾತಾಡುವುದು? ಚೌಕಾಸಿಗೆ ಎದುರಿನವರಿಗೆ ಏನಾದರೂ ಬೇಕಿರಬೇಕು. ಈ ಮುದುಕಿಗೆ ನನ್ನಿಂದ ಏನೂ ಬೇಕಿರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು, ಕೂದಲಲ್ಲಿ ಎರಡು ಹುಳ ಸಿಕ್ಕಿಕೊಂಡಿದ್ದವು. ಅಂಗಳದಲ್ಲಿ ಗೋಡೆ ಕೆಡವಲು ಬಂದ ಗೌಂಡಿ ಹಾರೆಯನ್ನು ಮಡಿಲಲ್ಲಿ ಇಟ್ಟುಕೊಂಡು ಬೀಡಿ ಸೇದುತ್ತಿದ್ದ.

"ತಾನ ಬರ್ತಾನ ಅಂದಿದ್ದಿ," ಎಂದಳು.

"ಅಂದಿದ್ದೆ. ತಾನ ಬರೂದಿಲ್ಲಬೇ. ನಾವ ಎತ್ತಿ ಕರಕೊಂಡು ಬರಬೇಕು."

"ಹಾರೀಲೇನು?"

"ಕೈಲೆ. ಹಾರಿ ಮುಟ್ಟೂದಿಲ್ಲ. ನಸಿಕಿನ್ಯಾಗ, ತಂಪಿನ್ಯಾಗ, ಕುರಪಿ ಹಿಡದು ಮಣ್ಣು ಕೆರಕೋತ ಹೋಗೂಣು. ಮೊದ್ಲ ನಿನ್ನ ಕೈ. ಇದರಾಗ ನನಗ ಪಾಲು ಬ್ಯಾಡ, ನಂದು ನನಗ ಮುಟ್ಟ್ಯಾದ. ಆ ಮಣ್ಣೂ ಪೆಟಿಗಿಗೇ ಮೆತ್ತೂಣು."

ಅವಳು ಮಧ್ಯಾಹ್ನವಾಗಲು ಕಾಯ್ದಳು. ಹೊತ್ತು ನೆತ್ತಿಗೇರಿದಾಗ ಗೋಡೆಗೆ ತಿರುಗಿ ಕಿವಿ ಇಟ್ಟು, ತಗ್ಗಿದ ದನಿಯಲ್ಲಿ ಏನೇನೋ ಹೇಳಿದಳು. ಕೇಳಿಸಿಕೊಂಡಳು. ನಾವು, ಗೌಂಡಿ ಸಮೇತ, ಗೋಡೆ ಒಪ್ಪುತ್ತದೋ ಇಲ್ಲವೋ ಎಂದು ನಾಲ್ಕು ಜನ ಬುದ್ಧಿಯಿದ್ದವರು ಕಾಯುತ್ತಿದ್ದೆವು.

"ಹ್ಞೂಂ," ಎಂದಳು ಕೊನೆಗೆ. ನಮಗೆ ಹೇಳಿದಳೋ, ಗೋಡೆಗೆ ಹೇಳಿದಳೋ. "ನಾಳಿ ನಸಿಕಿನ್ಯಾಗ."

ಮರುದಿನ ಬೆಳಕು ಹರಿಯುವ ಹೊತ್ತಿಗೆ ಅವಳೇ ಮೊದಲ ಮಣ್ಣು ಕೆರೆದಳು. ಆಮೇಲೆ ನಾನು ಕೈ ಹಾಕಿದೆ. ಮೊಳಕೈ ಆಳ ಹೋದ ಮೇಲೆ ಮೇಣದ ಹಾಳೆ ಸಿಕ್ಕಿತು. ತುಪ್ಪದ ಗಡಿಗೆಗಳನ್ನು ಒಡೆಯದಂತೆ ಬಿಡಿಸಿ ತಾಟಿಗೆ ಹಾಕಿದೆ. ತುಪ್ಪ ಮರಿಯ ಮೇಲೆ ಚೆಲ್ಲಿದರೆ ಕೆಲಸ ಕೆಟ್ಟಿತು. ಹುಳಗಳು ಎದ್ದು ಮುದುಕಿಯ ಬಿಳಿ ತಲೆಯ ಮೇಲೆ ಕೂತವು. ಚುಚ್ಚುವುದಿಲ್ಲ, ಕೂದಲು ಕಚ್ಚಿ ಹಿಡಿಯುತ್ತವೆ ಅಷ್ಟೆ. ತಲೆ ಕಪ್ಪಾಗುತ್ತಾ ಹೋಯಿತು, ಅವಳು ಅಲುಗಲಿಲ್ಲ. ಆ ಅರೆಬೆಳಕಿನಲ್ಲಿ ಯಾವ ವಯಸ್ಸಿನವಳೋ ಒಬ್ಬಳು ನನ್ನ ಪಕ್ಕ ಕೂತಂತಾಯಿತು.

ಮರಿಗೂಡನ್ನು ಕೆಳಗಿನಿಂದ ಅಂಗೈಯಲ್ಲಿ ಎತ್ತಲು ಹೋದೆ. ಭಾರವಿತ್ತು. ಮೇಣಕ್ಕೆ ಅಷ್ಟು ಭಾರವಿರುವುದಿಲ್ಲ. ಬೆರಳಿಗೆ ತಣ್ಣನೆಯದು, ದುಂಡನೆಯದು ತಗಲಿತು. ಹೆದರಿದೆ ಎಂದು ಹೇಳಲು ನನಗೇನೂ ಸಂಕೋಚವಿಲ್ಲ. ಹಿಡಿ ಮಣ್ಣು ಎಂದಿದ್ದರು, ಬೇರೇನನ್ನಾದರೂ ತಂದಿದ್ದರೋ ಏನೋ. ಮೆಲ್ಲನೆ ಹೊರಗೆ ತೆಗೆದೆ.

ಗಂಟೆ. ಕುರಿಹಿಂಡಿನ ಮುಂದೆ ನಡೆಯುವ ಟಗರಿನ ಕೊರಳಿಗೆ ಕಟ್ಟುವಂಥದು. ಹೊರಗೂ ಒಳಗೂ ಕಪ್ಪು ರಾಳ ಬಳಿದು, ನಾಲಗೆಯನ್ನು ಅಲುಗದಂತೆ ಅಂಟಿಸಿ, ಅದರ ಬಾಯಿಯಿಂದಲೇ ಮರಿಗೂಡನ್ನು ಬೆಳೆಸಿಕೊಂಡಿದ್ದವು. ರಾಣಿ ಅದರೊಳಗೆ ಸೇರಿಕೊಂಡಿತ್ತು.

ಮುದುಕಿ ಮಗನ ಕಡೆ ನೋಡಿದಳು. ಅವನು ನೆಲ ನೋಡಿದ.

"ಮಣ್ಣಿನ ಕೂಡ ತಂದಿದ್ದೆಬೇ," ಎಂದ. "ಅಣ್ಣನ ಟಗರಿಂದು. ನಿನಗ ಕೊಟ್ಟಿದ್ರ ದಿನಾ ಬಾರಿಸ್ಕೋತ ಅಳಕೋತ ಕುಂಡ್ರತಿದ್ದಿ. ಅದಕ್ಕ ಮಣ್ಣಿನ ಕೂಡ ಮೆತ್ತಿದ್ದೆ."

"ನಾ ಬಾರಿಸೂದು ಯಾಕ ಬೇಕಲೇ ಮಳ್ಳಾ," ಎಂದಳು ಅವಳು. "ಅದು ತಾನ ಬಾರಿಸ್ಕೊಳ್ಳಾಕತ್ತದಲ್ಲ ಇಷ್ಟು ವರ್ಷ."

ಲೋಹ ಬಿಸಿಲಿಗೆ ಕಾಯುತ್ತದೆ, ಪೆಟ್ಟಿಗೆಯಲ್ಲಿ ಇಡಬಾರದು ಎಂದು ನನ್ನ ವ್ಯವಹಾರಬುದ್ಧಿ ಹೇಳಿತು. ಬಿಡಿಸಿದರೆ ರಾಣಿ ಸಾಯುತ್ತಿತ್ತು. ಹಾಗೇ ಇಟ್ಟೆ. ಪೆಟ್ಟಿಗೆಗೆ ಹೊರಗಿನಿಂದ ಆ ಗೋಡೆಯ ಮಣ್ಣನ್ನೇ ಕಲಸಿ ದಪ್ಪಗೆ ಮೆತ್ತಿದೆವು. ಹೊರಗೆ ಹೋದ ಹುಳಗಳು ಹಳೆಯ ಜಾಗಕ್ಕೇ ತಿರುಗಿ ಬರುತ್ತವಾದ್ದರಿಂದ ಒಂದು ಕಂಬ ನೆಟ್ಟು, ತೂತಿದ್ದ ಜಾಗಕ್ಕೇ, ಅದೇ ಎತ್ತರಕ್ಕೆ ಪೆಟ್ಟಿಗೆ ಕಟ್ಟಿದೆವು. ಗೌಂಡಿ ಅದನ್ನು ಬಿಟ್ಟು ಸುತ್ತಲ ಗೋಡೆ ಕೆಡವಿದ. ಮನೆ ಹೋಯಿತು, ಬಯಲ ನಡುವೆ ಕಂಬವೊಂದು ಉಳಿಯಿತು. ಮೇಲೆ ನೀಲಿ ಪ್ಲಾಸ್ಟಿಕ್ ತಾಡಪತ್ರಿ, ಕೆಳಗೆ ಮುದುಕಿ.

ಪೆಟ್ಟಿಗೆ ಸುಮ್ಮನಿತ್ತು. ಹುಳ ಬರುತ್ತಿದ್ದವು, ಹೋಗುತ್ತಿದ್ದವು. ಕಿವಿ ಇಟ್ಟರೆ ಏನೂ ಇಲ್ಲ. ರಾಣಿಗೆ ಪೆಟ್ಟಾಯಿತೇ, ಮರಿಗೂಡು ಕುಸಿಯಿತೇ, ತೆರೆದು ನೋಡಲು ಕೈ ತುಡಿಯುತ್ತಿತ್ತು. ತೆರೆದರೆ ಇನ್ನೂ ಕೆಡುತ್ತದೆ ಎಂದು ತಡೆದುಕೊಂಡೆ. ನಾನು ರಾಯಚೂರಿಗೆ ಬಂದ ಮೇಲೆ ಸೊಸೆ ಫೋನು ಮಾಡಿದಾಗಲೆಲ್ಲ ಒಂದೇ ಮಾತು. "ಅತ್ತಿ ಉಣವಲ್ಲರಿ. ನೀವ ಕರಕೊಂಡು ಬಂದಿದ್ರಿ, ನೀವ ಬಂದು ನೋಡ್ರಿ."

ಹೋದೆ. ಮತ್ತೆ ಅದೇ ಹೊತ್ತು, ನಡುಹಗಲು. ಕೆಡವಿದ ಮಣ್ಣಿನ ಗುಡ್ಡೆಗಳ ನಡುವೆ ಗಾಳಿಯಿಲ್ಲ. ಬೇವಿನ ಮರಕ್ಕೆ ಒರಗಿದ್ದ, ಈಚೆಗೆ ಮುಚ್ಚಿಟ್ಟಿದ್ದ ನನ್ನ ಬಾಗಿಲು ತಾನೇ ತೆರೆದುಕೊಂಡಿತ್ತು. ಮುದುಕಿ ಪೆಟ್ಟಿಗೆಗೆ ಕಿವಿಯಿಟ್ಟು ಹೇಳುತ್ತಿದ್ದಳು.

"ಗ್ವಾಡಿ ಹೋತು. ನೀ ಹೆದರಬ್ಯಾಡ. ಹೊಸಾ ಗ್ವಾಡ್ಯಾಗ ಮೂಡಲ ಕಡಿ ಗೂಡು ಬಿಡ್ತಾರಂತ, ಅಲ್ಲಿ ಇಡ್ತೀನಿ. ಕರಿ ಆಡಿನ ಮರಿ ತಾಯಿ ಎತ್ತರ ಆಗ್ಯಾವ..."

ನಿಲ್ಲಿಸಿದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ತಾಡಪತ್ರಿಯ ನೀಲಿ ಬೆಳಕು ಅವಳ ಮೇಲೆ ಬಿದ್ದಿತ್ತು. ಬಹಳ ಹೊತ್ತಾಯಿತು. ನಾನು ಇನ್ನು ಎದ್ದು ಹೋಗೋಣ ಎನ್ನುವಷ್ಟರಲ್ಲಿ ಅವಳ ತುಟಿ ಅಲುಗಿತು.

"ಹ್ಞೂಂ," ಎಂದಳು. "ಎಲ್ಡೂ ಹೆಣ್ಣು."

ಅವಳು ಊಟಕ್ಕೆ ಎದ್ದ ಮೇಲೆ ನಾನೂ ಕಿವಿ ಇಟ್ಟೆ. ಗಂಟೆಯ ಉಳಿಕೆ, ಮೊದಲಿನಂತೆಯೇ. ಇದರಲ್ಲಿ ಮಾಯವೇನಿಲ್ಲ. ಲೋಹದೊಳಗೆ ಹುಳ ರೆಕ್ಕೆ ಬಡಿದರೆ ಲೋಹವೂ ಸಣ್ಣಗೆ ದನಿಗೂಡುತ್ತದೆ. ಕದಲಿಸಿದ ಗೂಡು ಕೆಲವು ದಿನ ಸುಮ್ಮನಿದ್ದು ಆಮೇಲೆ ಎದ್ದುಕೊಳ್ಳುತ್ತದೆ. ಇದನ್ನೆಲ್ಲ ಯಜಮಾನನಿಗೆ ವಿವರಿಸಿ ಬಂದೆ. ಮೊದಲ ಮಳೆಗೆ ಮುನ್ನ ಸ್ಲ್ಯಾಬು ಹಾಕಿ ಮುಗಿಯಿತು. ನನ್ನ ಬಾಗಿಲು ಅದರ ಮುಂದೆ ನಿಂತಿದೆ, ಪೆಟ್ಟಿಗೆ ಒಳಗೋಡೆಯ ಗೂಡಿನಲ್ಲಿದೆ. ವರ್ಷಕ್ಕೊಂದು ಪಾಲು ತೆಗೆದು ಸೊಸೆ ಈಗ ತಾನೇ ಪೆಟ್ಟಿಗೆ ಮಾಡಿ ಮಾರುತ್ತಾಳೆ. ಬೆಲೆಯಲ್ಲಿ ನನ್ನನ್ನೂ ಬಗ್ಗಿಸುತ್ತಾಳೆ.

ಪೋತ್ನಾಳದ್ದೊಂದು ಹೇಳಬೇಕು. ನುಗ್ಗೆ ಚೆನ್ನಾಗಿ ಕಾಯಿ ಕಚ್ಚಿದೆ ಎಂದು ರೈತ ಕರೆದಿದ್ದ. ಮಧ್ಯಾಹ್ನ ಅವನು ಊಟಕ್ಕೆ ಹೋದಾಗ ತೋಟದಲ್ಲಿ ಒಬ್ಬಳೇ ಇದ್ದೆ. ರೂಢಿಯಂತೆ ಪೆಟ್ಟಿಗೆಗೆ ಕಿವಿ ಇಟ್ಟೆ. ಒಣ ಎಲೆಯ ಸದ್ದು. ಅದರ ಕೆಳಗೆ, ಸ್ಪಷ್ಟವಾಗಿ, ಗಂಟೆ. ಆ ಪೆಟ್ಟಿಗೆಯ ಹಲಗೆ ನಾನೇ ಕೊಯ್ಸಿದ್ದು, ಮೊಳೆ ಹೊಡೆಸಿದ್ದು ನಾನೇ. ಅದರಲ್ಲಿ ಗಂಟೆಯಿಲ್ಲ. ಮುಚ್ಚಳ ತೆಗೆದು ಮೂಲೆ ಮೂಲೆ ನೋಡಿದೆ. ಮೇಣ, ತುಪ್ಪ, ಮರಿ, ರಾಣಿ. ಮುಚ್ಚಿ ಮತ್ತೆ ಕಿವಿ ಇಡಲಿಲ್ಲ. ರೈತ ಬಂದಾಗ ಬೇರೆ ಮಾತು ತೆಗೆದೆ.

ನೀವು ಈ ಕಸುಬಿಗೆ ಇಳಿಯುವವರಾದರೆ ನನ್ನ ಮಾತು ಕೇಳಿ. ದೂರದ ಜೇನು ತರಬೇಡಿ, ನಿಮ್ಮ ಓಣಿಯ ಗೋಡೆಯಲ್ಲಿ ಬಾಳಿದ್ದನ್ನು ಹಿಡಿಯಿರಿ. ಗೋಡೆ ಉಳಿಯುವುದಿದ್ದರೆ ಪೈಪು ಹಚ್ಚಿ, ತವರೂ ಉಳಿಯುತ್ತದೆ, ಮಗಳ ಮನೆಯೂ ಆಗುತ್ತದೆ; ಗೋಡೆ ಬೀಳುವುದಿದ್ದರೆ ಪೈಪನ್ನು ನಂಬಿ ಕೂರಬೇಡಿ, ನಸುಕಿನಲ್ಲಿ ಕೈಯಿಂದಲೇ ಬಿಡಿಸಿ. ಪೆಟ್ಟಿಗೆಯ ಹಲಗೆ ದಪ್ಪವಿರಲಿ, ಮೇಲೆ ಮಣ್ಣು ಮೆತ್ತಿ, ನೆರಳಲ್ಲಿ ಕಟ್ಟಿ, ಕಟ್ಟಿದ ಹಗ್ಗಕ್ಕೆ ಇರುವೆ ಹತ್ತದಂತೆ ಎಣ್ಣೆಬಟ್ಟೆ ಸುತ್ತಿ. ತುಪ್ಪವನ್ನು ಅಂಚಿನ ಗಡಿಗೆಗಳಿಂದಷ್ಟೇ ತೆಗೆಯಿರಿ, ಅವಕ್ಕೆ ಉಣ್ಣಲು ಬಿಡಿ. ಪಾಲು ಮಾಡುವಾಗ ಮರಿಗೂಡಿನ ಅಂಚಿನಲ್ಲಿ ದೊಡ್ಡ ಕೋಶವೊಂದಿದೆಯೇ ನೋಡಿ. ಅದು ನಾಳಿನ ರಾಣಿ, ಅದಿಲ್ಲದ ಪಾಲು ನಿಲ್ಲುವುದು ಕಷ್ಟ. ಪಕ್ಕದ ಹತ್ತಿ, ಮೆಣಸಿನಕಾಯಿಗೆ ಔಷಧ ಹೊಡೆಯುವವನ ಜೊತೆ ಜಗಳ ಬೇಡ. ಹಿಂದಿನ ದಿನ ಹೇಳು ಎಂದು ಒಂದು ಸೀಸೆ ತುಪ್ಪ ಕೊಟ್ಟಿಡಿ, ಸಂಜೆಯೇ ಪೆಟ್ಟಿಗೆಯ ಬಾಯಿಗೆ ಜಾಳಿಗೆ ಹಾಕಿ.

ಗೋಡೆಗೆ ಕೈ ಹಚ್ಚುವ ಮುನ್ನ ಆ ಮನೆಯ ಹಿರಿಯರನ್ನು ಕೇಳಿ, ಅಲ್ಲಿ ಇನ್ನೇನನ್ನು ಇಟ್ಟಿದ್ದಾರೆ ಎಂದು. ಪೆಟ್ಟಿಗೆ ಗಟ್ಟಿಯಾಗಿದೆಯೇ ಎಂದು ಕಿವಿಯಿಟ್ಟು ನೋಡುವುದು ಒಳ್ಳೆಯ ಅಭ್ಯಾಸ, ಬಿಡಬೇಡಿ. ಬೆಳಿಗ್ಗೆ ಇಡಿ. ಮಧ್ಯಾಹ್ನ ಬೇಡ.